ಎಲ್ಲಿ, ಒಂದ್ಸಲ ಎಳೆದು ತೋರಿಸಿ

ಮಾತ್ರೆ ನುಂಗುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿದರೆ ಮುಗಿಯಿತು, ಉಳಿದದ್ದನ್ನು ಹೊಟ್ಟೆ ನೋಡಿಕೊಳ್ಳುತ್ತದೆ. ಇಂಜೆಕ್ಷನ್ನಿಗಾದರೆ ತೋಳು ಚಾಚಿ ಕುಳಿತರಾಯಿತು, ಮಿಕ್ಕಿದ್ದು ಚುಚ್ಚುವವರ ಜವಾಬ್ದಾರಿ. ಇನ್ಹೇಲರ್ ಹಾಗಲ್ಲ. ಡಾಕ್ಟರು ಬರೆದದ್ದೆಷ್ಟು, ಮೆಡಿಕಲ್ ಶಾಪಿನವರು ಕೊಟ್ಟದ್ದೆಷ್ಟು ಎಂಬುದೆಲ್ಲ ಡಬ್ಬಿಯ ಬಾಯಿಯವರೆಗಿನ ಲೆಕ್ಕ. ಅಲ್ಲಿಂದ ಶ್ವಾಸಕೋಶದ ತಳಕ್ಕೆ ಎಷ್ಟು ಇಳಿಯಿತು ಎಂಬುದನ್ನು ತೀರ್ಮಾನಿಸುವುದು ಎಳೆದುಕೊಳ್ಳುವವರ ಉಸಿರು. ಅದೇ ಔಷಧ, ಅದೇ ಡಬ್ಬಿ. ಒಬ್ಬರಿಗೆ ಪೂರಾ ಡೋಸು, ಇನ್ನೊಬ್ಬರಿಗೆ ಬರೀ ಗಂಟಲು ಕೆರೆತ.

ಎದೆರೋಗ ವಿಭಾಗದ ಹೊರರೋಗಿಗಳ ಸಾಲಿನಲ್ಲಿ ಅರ್ಧ ದಿನ ಕುಳಿತರೆ ಇದು ತಾನಾಗಿ ಕಣ್ಣಿಗೆ ಬೀಳುತ್ತದೆ. ಮೈಸೂರು ಸೀಮೆಯ ಆಸ್ಪತ್ರೆಯೊಂದರಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಬಂದು ಸ್ಟೂಲಿನ ಮೇಲೆ ಕುಳಿತರು. ನಾಲ್ಕು ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. ಚೀಟಿ ನೋಡುತ್ತಿದ್ದ ಸಿಸ್ಟರ್ ಕೇಳಿದರು:

'ಪಂಪು ದಿನಾ ತಗೋತಿದ್ದೀರಾ ಅಜ್ಜಿ?'

'ಊಂ ಕಣವ್ವ. ಹೊತ್ತಾರೆ ಎರಡು, ರಾತ್ರಿಕೆ ಎರಡು. ಒಂದಿನಾನೂ ಬುಟ್ಟಿಲ್ಲ.'

'ಮತ್ತೆ ಯಾಕೆ ಉಬ್ಬಸ ಕಮ್ಮಿ ಆಗಿಲ್ಲ?'

'ಅದ್ನೇ ಕೇಳವ ಅಂತ ಬಂದೆ.'

'ಎಲ್ಲಿ, ಹೆಂಗೆ ತಗೋತೀರಾ ಒಂದ್ಸಲ ಎಳೆದು ತೋರಿಸಿ.'

ಅಜ್ಜಿ ಎಲೆಅಡಿಕೆ ಚೀಲದೊಳಗೆ ಕೈಹಾಕಿ ಪಂಪು ತೆಗೆದರು. ಅದರ ಮುಚ್ಚಳ ಎಂದೋ ಕಳೆದುಹೋಗಿತ್ತು. ಬಾಯಿಗಿಡುವ ಕೊಳವೆಯ ಅಂಚಿಗೆ ಸುಣ್ಣ ಮೆತ್ತಿತ್ತು. ಅಲುಗಾಡಿಸಲಿಲ್ಲ. ಉಸಿರನ್ನು ಹೊರಗೆ ಬಿಡಲಿಲ್ಲ. ತಲೆ ತಗ್ಗಿಸಿ, ಬಾಯಿ ಅರೆತೆರೆದು ಫಸ್ ಎಂದು ಒತ್ತಿದರು. ಬಿಳಿ ಹೊಗೆ ತುಟಿಯ ಸಂದಿಯಿಂದಲೂ ಮೂಗಿನಿಂದಲೂ ಹೊರಗೆ ಬಂತು. ಮರುಕ್ಷಣವೇ ಇನ್ನೊಂದು ಫಸ್. ಆಮೇಲೆ ಗುಟುಕ್ಕೆಂದು ನುಂಗಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, 'ಇಂಗೇಯ' ಎಂದರು.

ಒಳಗೆ ಕುಳಿತಿದ್ದ ಡಾಕ್ಟರು ಆಗಲೇ ಹೆಚ್ಚಿನ ಡೋಸಿನ ಪಂಪು ಬರೆಯುವ ಯೋಚನೆಯಲ್ಲಿದ್ದರು. ಅಜ್ಜಿ ಸುಳ್ಳೇನೂ ಹೇಳಿರಲಿಲ್ಲ. ದಿನಾ ತಗೋತಿದ್ದೀರಾ ಎಂದು ಕೇಳಿದರೆ ದಿನಾ ತಗೋತೀನಿ ಎಂಬುದು ಪ್ರಾಮಾಣಿಕ ಉತ್ತರವೇ. ಇನ್ಹೇಲರ್ ವಿಷಯದಲ್ಲಿ ಆ ಪ್ರಶ್ನೆಯೇ ದಂಡ. ಸಿಸ್ಟರ್ ಕೊನೆಗೆ ಕೇಳಿದ್ದನ್ನು ಮೊದಲು ಕೇಳಬೇಕು, ಪ್ರತಿ ಸಲವೂ ಕೇಳಬೇಕು.

ಅಜ್ಜಿಯ ಮೂಗಿನಿಂದ ಹೊರಬಂದ ಹೊಗೆಯೇ ಅವರ ಆ ಹೊತ್ತಿನ ಮದ್ದು. ಪಂಪಿನ ಮೂತಿಯಿಂದ ಔಷಧ ಹೊರಬೀಳುವ ವೇಗ ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ್ದು. ಬಾಯಿಯೊಳಗೆ ನೇರವಾಗಿ ನುಗ್ಗಿದ ಹನಿಗಳು ಗಂಟಲಿನಲ್ಲಿ ಕೆಳಗೆ ತಿರುಗಬೇಕು. ವೇಗ ಹೆಚ್ಚಿದ್ದರೆ ತಿರುಗಲಾರವು, ಹಿಂದಿನ ಗೋಡೆಗೆ ಬಡಿದು ಅಲ್ಲೇ ಅಂಟುತ್ತವೆ. ಒಂದರಿಂದ ಐದು ಮೈಕ್ರಾನ್ ಗಾತ್ರದ ಸಣ್ಣ ಕಣಗಳು ಮಾತ್ರ ಉಸಿರಿನ ಜತೆ ತೇಲಿ ಕೆಳಗಿನ ಸಣ್ಣ ಕೊಳವೆಗಳವರೆಗೆ ಹೋಗಬಲ್ಲವು. 1981ರಲ್ಲಿ ಬ್ರಿಟನ್ನಿನ ಸಂಶೋಧಕರು ವಿಕಿರಣಶೀಲ ಗುರುತು ಹಚ್ಚಿದ ಕಣಗಳನ್ನು ಪಂಪಿಗೆ ತುಂಬಿ ಅಳೆದು ನೋಡಿದರು. ಶ್ವಾಸಕೋಶ ಸೇರಿದ್ದು ನೂರಕ್ಕೆ ಸುಮಾರು ಒಂಬತ್ತು ಪಾಲು. ಎಂಬತ್ತು ಪಾಲು ಬಾಯಿ, ಗಂಟಲಿನಲ್ಲೇ ಉಳಿದಿತ್ತು. ಅಳತೆಗೆಂದು ಕಲಿಸಿ ಕೂರಿಸಿದವರ ಕಥೆಯೇ ಇದು. ಈಚಿನ ಪಂಪುಗಳು ಇದಕ್ಕಿಂತ ಮೇಲು. ಆದರೂ ಬಾಯಿ ಅರೆತೆರೆದು ಫಸ್ ಎನಿಸುವವರ ಪಾಲಿಗೆ ಏನು ಉಳಿದೀತು, ಊಹಿಸಿಕೊಳ್ಳಿ.

ಇಷ್ಟೆಲ್ಲ ಪೋಲಾಗುವುದಾದರೆ ಮಾತ್ರೆಯೇ ವಾಸಿಯಲ್ಲವೇ ಎಂದು ಕೇಳುವವರಿದ್ದಾರೆ. ಪಂಪು ಸ್ಟ್ರಾಂಗು, ಮಾತ್ರೆ ಮೈಲ್ಡು ಎಂಬ ಮಾತು ನಮ್ಮಲ್ಲಿ ಮನೆಮನೆಯ ಮಾತು. ಲೆಕ್ಕ ಪೂರಾ ಉಲ್ಟಾ ಇದೆ. ಉಬ್ಬಸಕ್ಕೆ ಕೊಡುವ ಸಾಲ್‌ಬುಟಮಾಲ್ ಮಾತ್ರೆ 4 ಮಿಲಿಗ್ರಾಂ. ಅದೇ ಔಷಧದ ಪಂಪಿನ ಒಂದು ಪಫ್‌ನಲ್ಲಿ ಇರುವುದು 100 ಮೈಕ್ರೋಗ್ರಾಂ. ಅಂದರೆ ಒಂದು ಮಾತ್ರೆಯಲ್ಲಿ ನಲವತ್ತು ಪಫ್‌ನಷ್ಟು ಮದ್ದು. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ ಕೊನೆಗೆ ಶ್ವಾಸಕೋಶ ತಲುಪಬೇಕು. ದಾರಿಯಲ್ಲಿ ಕೈ ನಡುಗಿಸುತ್ತದೆ, ಎದೆ ಡವಡವ ಎನ್ನಿಸುತ್ತದೆ. ಪಂಪಿನ ಮದ್ದು ಕೆಲವೇ ನಿಮಿಷಗಳಲ್ಲಿ ನೇರವಾಗಿ ಬೇಕಾದಲ್ಲಿ ಕೆಲಸ ಶುರುಮಾಡುತ್ತದೆ. ಆದರೆ ಅದು ಅಲ್ಲಿಗೆ ತಲುಪಿದರೆ.

ತಲುಪಿಸುವ ವಿಧಾನ ಪ್ರಾಣಾಯಾಮ ಬಲ್ಲವರಿಗೆ ಅರ್ಧ ಬಂದಂತೆಯೇ. ಉಸಿರು ಬಿಡುವ ರೇಚಕ, ಎಳೆಯುವ ಪೂರಕ, ಹಿಡಿಯುವ ಕುಂಭಕ, ಇದೇ ಕ್ರಮ. ಶಾಲೆಯಲ್ಲಿ ಯೋಗದ ಮೇಷ್ಟ್ರು ಹೇಳಿಕೊಟ್ಟದ್ದನ್ನು ನೆನಪಿಟ್ಟುಕೊಂಡವರಿಗೆ ಕಷ್ಟವೇನಿಲ್ಲ. ಕಷ್ಟವಿರುವುದು ಪಂಪನ್ನು ಯಾವಾಗ ಒತ್ತಬೇಕು ಎಂಬಲ್ಲಿ.

ಮೊದಲು ಮುಚ್ಚಳ ತೆಗೆದು ಒಳಗೆ ಇಣುಕಿ ನೋಡಿ. ಇದು ಅತಿಯಾಯಿತು ಎನ್ನಿಸಬಹುದು. ಆದರೆ ಮುಚ್ಚಳವಿಲ್ಲದೆ ಜೇಬಿನಲ್ಲೋ ಬ್ಯಾಗಿನಲ್ಲೋ ಬಿದ್ದಿದ್ದ ಪಂಪಿನೊಳಗೆ ಚಿಕ್ಕಪುಟ್ಟ ವಸ್ತುಗಳು ಸೇರಿಕೊಂಡು, ಎಳೆದಾಗ ಶ್ವಾಸನಾಳಕ್ಕೆ ಹೋದ ಪ್ರಕರಣಗಳ ಬಗ್ಗೆ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಕೆಯನ್ನೇ ಹೊರಡಿಸಬೇಕಾಯಿತು. ನಮ್ಮ ಅಜ್ಜಿಯ ಚೀಲದಲ್ಲಿ ಅಡಿಕೆ ಚೂರು ಸಾಕಷ್ಟಿತ್ತು. ಹೊಸ ಪಂಪಾದರೆ, ಅಥವಾ ಎಷ್ಟೋ ದಿನ ಮುಟ್ಟದೆ ಇಟ್ಟದ್ದಾದರೆ, ಎರಡು ಮೂರು ಪಫ್ ಗಾಳಿಗೆ ಬಿಟ್ಟು ನೋಡಬೇಕು. ಎಷ್ಟು ಎಂಬುದು ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಚೆನ್ನಾಗಿ ಅಲುಗಾಡಿಸಬೇಕು, ಯಾಕೆಂದರೆ ಹೆಚ್ಚಿನ ಪಂಪುಗಳಲ್ಲಿ ಮದ್ದಿನ ಪುಡಿ ದ್ರವದಲ್ಲಿ ತೇಲಿಕೊಂಡಿರುತ್ತದೆ, ನಿಂತಲ್ಲೇ ನಿಂತರೆ ಬೇರೆಯಾಗುತ್ತದೆ.

ನೆಟ್ಟಗೆ ಕುಳಿತು ಅಥವಾ ನಿಂತು, ಗದ್ದ ತುಸು ಮೇಲೆತ್ತಿ. ಎದೆಯೊಳಗಿನ ಉಸಿರನ್ನು ಆದಷ್ಟು ಹೊರಗೆ ಬಿಡಿ, ಆದರೆ ಪಂಪಿನೊಳಕ್ಕಲ್ಲ. ಕೊಳವೆ ಹಲ್ಲುಗಳ ನಡುವೆ ಇರಲಿ, ನಾಲಿಗೆ ಕೆಳಗಿರಲಿ, ತುಟಿ ಬಿಗಿಯಾಗಿ ಮುಚ್ಚಿರಲಿ. ಈಗ ಬಾಯಿಯಿಂದ ನಿಧಾನವಾಗಿ ಉಸಿರೆಳೆಯಲು ಶುರುಮಾಡಿ. ಶುರುಮಾಡಿದ ಮೇಲೆ, ಎಳೆಯುತ್ತಿರುವಾಗಲೇ, ಒಮ್ಮೆ ಒತ್ತಿ. ಒತ್ತಿದ ಮೇಲೂ ಎಳೆಯುತ್ತಲೇ ಇರಿ, ನಾಲ್ಕೈದು ಸೆಕೆಂಡು, ಎದೆ ತುಂಬುವವರೆಗೆ. ಆಮೇಲೆ ಬಾಯಿ ಮುಚ್ಚಿ ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಹತ್ತು ಆಗದವರಿಗೆ ಐದು ಆಗಲಿ, ಆದಷ್ಟು. ಸಣ್ಣ ಕಣಗಳು ಕೊಳವೆಗಳ ಗೋಡೆಯ ಮೇಲೆ ಕೂರಲು ಅಷ್ಟು ಸಮಯ ಬೇಕು. ತಕ್ಷಣ ಉಸಿರು ಬಿಟ್ಟರೆ ಒಳಗೆ ಹೋದದ್ದೂ ಹೊರಗೆ ಬರುತ್ತದೆ. ಎರಡನೇ ಪಫ್ ಬೇಕಿದ್ದರೆ ಅರ್ಧ ನಿಮಿಷದಿಂದ ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಅಲುಗಾಡಿಸಿ, ಮತ್ತೆ ಮೊದಲಿನಿಂದ.

ಒತ್ತಿ ಆಮೇಲೆ ಎಳೆಯುವವರೇ ಜಾಸ್ತಿ. ಇನ್ನು ಕೆಲವರಿಗೆ ತಣ್ಣನೆಯ ಸ್ಪ್ರೇ ಗಂಟಲಿಗೆ ತಾಗಿದೊಡನೆ ಉಸಿರು ತನ್ನಷ್ಟಕ್ಕೇ ನಿಂತುಬಿಡುತ್ತದೆ. ಬೆರಳ ಸಂದುಗಳಲ್ಲಿ ವಾತ ಹಿಡಿದವರಿಗೆ ಒಂದು ಕೈಯಲ್ಲಿ ಒತ್ತುವ ಶಕ್ತಿಯೇ ಇರುವುದಿಲ್ಲ. ಎರಡೂ ಕೈ ಸೇರಿಸಿ ಒತ್ತಬಹುದು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಪುಡಿಯ ಇನ್ಹೇಲರಿನದು ಇದಕ್ಕೆ ತದ್ವಿರುದ್ಧ ಸ್ವಭಾವ. ನಮ್ಮ ದೇಶದಲ್ಲಿ ರೋಟಾಹೇಲರ್ ಎಂದೇ ಜನರ ಬಾಯಲ್ಲಿರುವ ಆ ಪಾರದರ್ಶಕ ಪ್ಲಾಸ್ಟಿಕ್ ಸಾಧನಕ್ಕೆ ಕ್ಯಾಪ್ಸೂಲ್ ಹಾಕಿ, ತಿರುಗಿಸಿ ಒಡೆದು, ಎಳೆದುಕೊಳ್ಳಬೇಕು. ಇದರಲ್ಲಿ ತಳ್ಳುವ ಗ್ಯಾಸಿಲ್ಲ. ಪುಡಿಯನ್ನು ಎತ್ತಿ, ಒಡೆದು ಸಣ್ಣ ಕಣವಾಗಿಸುವ ಕೆಲಸ ಪೂರ್ತಿ ನಿಮ್ಮ ಉಸಿರಿನದೇ. ಹಾಗಾಗಿ ಇಲ್ಲಿ ನಿಧಾನ ಸಲ್ಲದು. ಮೊದಲ ಕ್ಷಣದಿಂದಲೇ ಜೋರಾಗಿ, ಆಳವಾಗಿ ಎಳೆಯಬೇಕು. ಎಳೆದಾಗ ಒಳಗೆ ಕಟಕಟ ಸದ್ದು ಬಂದರೆ ಲಕ್ಷಣ ಒಳ್ಳೆಯದು. ಮುಗಿದ ಮೇಲೆ ತೆರೆದು ನೋಡಿ. ಪುಡಿ ಉಳಿದಿದ್ದರೆ ಮತ್ತೊಮ್ಮೆ ಎಳೆಯಿರಿ. ಸಾಧನದೊಳಕ್ಕೆ ಊದಿದರೆ ಬಾಯಿಯ ತೇವಕ್ಕೆ ಪುಡಿ ಮುದ್ದೆಯಾಗುತ್ತದೆ, ಆ ಡೋಸು ಹೋದಂತೆಯೇ. ಮಲೆನಾಡು, ಕರಾವಳಿಯ ಆಷಾಢದಲ್ಲಿ ಉಪ್ಪೇ ನೀರಾಗುವಾಗ ಕ್ಯಾಪ್ಸೂಲಿನ ಗತಿ ಕೇಳಬೇಕೆ? ಬೇಕಾದಾಗ ಒಂದನ್ನೇ ತೆಗೆಯಬೇಕು, ವಾರಕ್ಕಾಗುವಷ್ಟು ಬಿಚ್ಚಿ ಡಬ್ಬಿಗೆ ತುಂಬಿಡಬಾರದು. ತೊಳೆದ ರೋಟಾಹೇಲರ್ ಪೂರ್ತಿ ಒಣಗದೆ ಬಳಸಬಾರದು.

ಆ ಕ್ಯಾಪ್ಸೂಲನ್ನು ನೀರಿನ ಜತೆ ನುಂಗಿಬಿಡುವವರೂ ಇದ್ದಾರೆ. ನಗುವ ವಿಷಯವಲ್ಲ. ಬಣ್ಣದ ಕ್ಯಾಪ್ಸೂಲು ಕೊಟ್ಟು 'ದಿನಕ್ಕೆ ಎರಡು' ಎಂದಷ್ಟೇ ಹೇಳಿದರೆ ಮತ್ತೇನು ಮಾಡಬೇಕು?

ದೊಡ್ಡ ಪೇಚಾಟ ಬರುವುದು ಒಬ್ಬರಿಗೇ ಎರಡೂ ಬಗೆ ಕೊಟ್ಟಾಗ. ದಿನನಿತ್ಯಕ್ಕೆ ಪುಡಿ, ತುರ್ತಿಗೆ ಪಂಪು. ಒಂದನ್ನು ಜೋರಾಗಿ ಎಳೆಯಬೇಕು, ಇನ್ನೊಂದನ್ನು ನಿಧಾನವಾಗಿ. ಎರಡನ್ನೂ ಅದಲುಬದಲು ಮಾಡಿಕೊಂಡವರಿದ್ದಾರೆ. ರೋಗ ಬಲಿತು ಜೋರಾಗಿ ಎಳೆಯುವ ಶಕ್ತಿಯೇ ಇಲ್ಲದ ವಯಸ್ಸಾದವರಿಗೆ ಪುಡಿಯ ಸಾಧನ ಬರೆದುಕೊಡುವುದರಲ್ಲಿ ಅರ್ಥವಿಲ್ಲ. ಒಬ್ಬರಿಗೆ ಸಾಧ್ಯವಾದ ಮಟ್ಟಿಗೆ ಒಂದೇ ಬಗೆಯ ಸಾಧನ ಇರಲಿ ಎಂದು ತಜ್ಞರು ಹೇಳುವುದು ಈ ಕಾರಣಕ್ಕೇ.

ಕೈ, ಉಸಿರು ಹೊಂದದವರಿಗೆ ಸ್ಪೇಸರ್ ಇದೆ. ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಡಬ್ಬಿ ಅದು, ಅಷ್ಟೆ. ಸ್ಪ್ರೇ ಅದರೊಳಗೆ ವೇಗ ಕಳೆದುಕೊಳ್ಳುತ್ತದೆ, ದಪ್ಪ ಹನಿಗಳು ಅದರ ಗೋಡೆಗೇ ಅಂಟುತ್ತವೆ, ಸಣ್ಣ ಕಣಗಳು ಉಸಿರಿಗೆ ಸಿಗುತ್ತವೆ. ಒತ್ತುವ ಮುಹೂರ್ತದ ತಲೆನೋವಿಲ್ಲ. ಒಂದು ಪಫ್ ಒತ್ತಿ, ಒಮ್ಮೆ ಆಳವಾಗಿ ಎಳೆದು ಹಿಡಿಯಬಹುದು, ಅಥವಾ ನಾಲ್ಕೈದು ಬಾರಿ ಸಹಜವಾಗಿ ಉಸಿರಾಡಬಹುದು. ಪುಟ್ಟ ಮಕ್ಕಳಿಗೆ ಮೂಗು ಬಾಯಿ ಮುಚ್ಚುವ ಮಾಸ್ಕ್ ಸಿಗುತ್ತದೆ. ಎರಡು ಪಫ್ ಒಟ್ಟಿಗೆ ತುಂಬುವುದು ಮಾತ್ರ ಬೇಡ. ಒಂದಕ್ಕೊಂದು ತಾಗಿ ಕಣಗಳು ದಪ್ಪವಾಗುತ್ತವೆ. ತೊಳೆಯುವುದಕ್ಕೂ ಒಂದು ರೀತಿ ಇದೆ: ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ ತೆಗೆದು, ಬಟ್ಟೆಯಲ್ಲಿ ಒರೆಸದೆ, ಗಾಳಿಗೆ ಒಣಗಲು ಬಿಡಬೇಕು. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್ಕಿನ ಮೇಲೆ ಸ್ಥಾಯೀ ವಿದ್ಯುತ್ತು ಏರಿ ಮದ್ದೆಲ್ಲ ಗೋಡೆಗೆ ಹಿಡಿದುಕೊಳ್ಳುತ್ತದೆ.

ಉಬ್ಬಸ ಹೆಚ್ಚಾದಾಗ ಗ್ಯಾಸ್ ಹಿಡಿಸಿಕೊಂಡು ಬಂದೆವು ಎಂದು ನೆಬ್ಯುಲೈಸರಿನ ಬಗ್ಗೆ ಹೇಳುವವರಿಗೆ ಅದರಲ್ಲೇ ನಂಬಿಕೆ ಹೆಚ್ಚು. ಬುಸುಗುಡುವ ಯಂತ್ರ, ಹಬೆಯಂಥ ಮೋಡ, ಆಸ್ಪತ್ರೆಯ ಬೆಡ್ಡು. ಆದರೆ ಜೀವಕ್ಕೆ ಅಪಾಯವಿಲ್ಲದ ಹೆಚ್ಚಿನ ಸಂದರ್ಭಗಳಲ್ಲಿ ಸ್ಪೇಸರ್ ಸಿಕ್ಕಿಸಿದ ಪಂಪು ಅಷ್ಟೇ ಕೆಲಸ ಮಾಡುತ್ತದೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಸ್ಪೇಸರಿಗೆ ದುಡ್ಡಿಲ್ಲ ಎಂಬಲ್ಲಿ? 1999ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಮಕ್ಕಳ ವೈದ್ಯೆ ಹೆದರ್ ಜಾರ್ ಮತ್ತು ಜತೆಯವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅರ್ಧ ಲೀಟರಿನ ತಂಪುಪಾನೀಯದ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಪಂಪಿನ ಮೂತಿಯ ಅಳತೆಗೆ ತೂತು ಕೊರೆದು, ಸಂದು ಬಿಗಿಯಾಗಿ ಮುಚ್ಚಿ, ಬಾಟಲಿಯ ಬಾಯಿಯಿಂದ ಮಕ್ಕಳಿಗೆ ಉಸಿರೆಳೆಸಿದರು. ಅಂಗಡಿಯ ಸ್ಪೇಸರಿನಷ್ಟೇ ಚೆನ್ನಾಗಿ ಕೆಲಸ ಮಾಡಿತು. ಸಂದು ಮುಚ್ಚದ ಬಾಟಲಿ ಅಷ್ಟಕ್ಕಷ್ಟೆ, ಥರ್ಮೋಕೋಲ್ ಲೋಟ ಎಲ್ಲಕ್ಕಿಂತ ಕಡೆ. ವೈದ್ಯಕೀಯ ಸಂಶೋಧನೆಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇದು. ತಿಪ್ಪೆಗೆಸೆಯುವ ಬಾಟಲಿಯನ್ನು ಇಷ್ಟು ಶಿಸ್ತಿನಿಂದ ಪರೀಕ್ಷೆ ಮಾಡಿದವರು ಕಡಿಮೆ.

ಈ ಪಂಪು ಹುಟ್ಟಿದ್ದೂ ಒಂದು ಮಗುವಿನ ತಕರಾರಿನಿಂದಲೇ. ಲಾಸ್ ಏಂಜಲಿಸ್‌ನ ರೈಕರ್ ಲ್ಯಾಬೊರೇಟರೀಸ್ ಎಂಬ ಕಂಪೆನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಹದಿಮೂರು ವರ್ಷದ ಮಗಳಿಗೆ ಅಸ್ತಮಾ. ಆಗ ಇದ್ದದ್ದು ರಬ್ಬರ್ ಬುರುಡೆ ಅಮುಕುವ ಗಾಜಿನ ನೆಬ್ಯುಲೈಸರ್. ಕೂದಲಿಗೆ ಹೊಡೆಯುವ ಸ್ಪ್ರೇ ಹಾಗೆ ನನ್ನ ಮದ್ದೂ ಡಬ್ಬಿಯಲ್ಲಿ ಯಾಕೆ ಬರಬಾರದು ಎಂದು ಆಕೆ ಕೇಳಿದಳು. 1956ರ ಮಾರ್ಚ್ ಹೊತ್ತಿಗೆ ಅಂಥ ಡಬ್ಬಿ ಮಾರುಕಟ್ಟೆಯಲ್ಲಿತ್ತು. ಪುಡಿಯ ಸಾಧನಗಳಲ್ಲೊಂದರ ಹಿಂದೆ ಇರುವವರು ರೋಜರ್ ಆಲ್ಟೂನ್ಯನ್, ಸ್ವತಃ ಅಸ್ತಮಾ ರೋಗಿಯಾಗಿದ್ದ ಬ್ರಿಟಿಷ್ ವೈದ್ಯ. ತನಗೆ ತಾನೇ ಉಬ್ಬಸ ಬರಿಸಿಕೊಂಡು, ಆಮೇಲೆ ಮದ್ದು ಎಳೆದು ಪರೀಕ್ಷಿಸುತ್ತಿದ್ದ ಮನುಷ್ಯ. ಯುದ್ಧಕಾಲದಲ್ಲಿ ವಿಮಾನ ಹಾರಿಸುತ್ತಿದ್ದುದರಿಂದ ಕ್ಯಾಪ್ಸೂಲನ್ನು ತಿರುಗಿಸುವ ಪುಟ್ಟ ಪ್ರೊಪೆಲ್ಲರ್ ಅವರಿಗೆ ಹೊಳೆಯಿತು. ಅದಕ್ಕೂ ಹಿಂದೆ ಹೋದರೆ ನಮ್ಮ ಕಡೆಯದೇ ಒಂದು ಎಳೆ ಸಿಗುತ್ತದೆ: ಉಮ್ಮತ್ತಿಯ ಹೊಗೆ ಸೇದಿ ಉಬ್ಬಸ ಇಳಿಸಿಕೊಳ್ಳುವ ರೂಢಿ 1802ರ ಸುಮಾರಿಗೆ ಮದ್ರಾಸಿನಿಂದ ಇಂಗ್ಲೆಂಡಿಗೆ ಹೋಯಿತು. ಉಮ್ಮತ್ತಿ ವಿಷದ ಗಿಡ, ಯಾರೂ ಪ್ರಯೋಗಕ್ಕೆ ಇಳಿಯಬೇಡಿ. ಆದರೆ ಇಂದು ಸಿಒಪಿಡಿಗೆ, ಅಂದರೆ ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುವ ಕಾಯಿಲೆಗೆ, ಕೊಡುವ ಟಿಯೋಟ್ರೋಪಿಯಂ ಅದೇ ಗುಂಪಿನ ರಾಸಾಯನಿಕಗಳ ಸಾಧುವಾದ ಸಂತಾನ.

ಎಪ್ಪತ್ತು ವರ್ಷಗಳಲ್ಲಿ ಡಬ್ಬಿ ಸುಧಾರಿಸಿತು, ಮದ್ದು ಸುಧಾರಿಸಿತು. ಎಳೆಯುವ ವಿದ್ಯೆ ಮಾತ್ರ ಇದ್ದಲ್ಲೇ ಇದೆ. 1975ರಿಂದ 2014ರವರೆಗೆ ಜಗತ್ತಿನಾದ್ಯಂತ ನಡೆದ 144 ಅಧ್ಯಯನಗಳನ್ನು, ಒಟ್ಟು 54 ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದು 2016ರಲ್ಲಿ ಬಂತು. ಸರಿಯಾಗಿ ಬಳಸುತ್ತಿದ್ದವರು ನೂರಕ್ಕೆ 31 ಮಂದಿ. ನಲವತ್ತು ವರ್ಷಗಳಲ್ಲಿ ಏನೂ ಸುಧಾರಣೆಯಿಲ್ಲ. ರೋಗಿಗಳನ್ನು ದೂರುವ ಮುನ್ನ ಇನ್ನೊಂದು ಸಮೀಕ್ಷೆಯನ್ನೂ ನೋಡಬೇಕು. ಕಲಿಸಬೇಕಾದ ಡಾಕ್ಟರು, ನರ್ಸು, ಫಾರ್ಮಸಿಸ್ಟರ ಕೈಗೇ ಇನ್ಹೇಲರ್ ಕೊಟ್ಟು ಪರೀಕ್ಷಿಸಿದ 55 ಅಧ್ಯಯನಗಳ ಸಾರ 2018ರಲ್ಲಿ ಪ್ರಕಟವಾಯಿತು. ಸರಿಯಾಗಿ ಮಾಡಿ ತೋರಿಸಿದವರು ನೂರಕ್ಕೆ ಸುಮಾರು 15 ಮಂದಿ. ಮೇಷ್ಟ್ರಿಗೇ ಮಗ್ಗಿ ಬಾರದಿದ್ದರೆ ಮಕ್ಕಳ ಪಾಡೇನು?

ಹಾಗೆಂದು ಇದು ಕಲಿಸಲಾಗದ ವಿದ್ಯೆಯಲ್ಲ. ಎರಡು ಮೂರು ನಿಮಿಷ ಸಾಕು. ಮಾಡಿ ತೋರಿಸುವುದು, ಮಾಡಿಸಿ ನೋಡುವುದು, ತಪ್ಪಿದ್ದನ್ನಷ್ಟೇ ತಿದ್ದಿ ಮತ್ತೆ ಮಾಡಿಸುವುದು. ಕಲಿತದ್ದು ಕೆಲವೇ ವಾರಗಳಲ್ಲಿ ಮರೆತುಹೋಗುತ್ತದೆ, ಹಾಗಾಗಿ ಪ್ರತಿ ಭೇಟಿಯಲ್ಲೂ ಇದೇ ಶಾಸ್ತ್ರ. ನೂರೈವತ್ತು ಜನ ಹೊರಗೆ ಕಾದಿರುವ ಒಪಿಡಿಯಲ್ಲಿ ಆ ಮೂರು ನಿಮಿಷ ಎಲ್ಲಿಂದ ತರುವುದು ಎಂದು ಡಾಕ್ಟರು ಕೇಳುತ್ತಾರೆ. ಅವರ ಸಂಕಟವೂ ನಿಜವೇ. ಆದರೆ ಆ ನಿಮಿಷ ಡಾಕ್ಟರದ್ದೇ ಆಗಬೇಕೆಂದಿಲ್ಲ. ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಡಮ್ಮಿ ಪಂಪು ಇಟ್ಟುಕೊಂಡು ತೋರಿಸಬಹುದು. ಊರಿನ ಆರೋಗ್ಯ ಕೇಂದ್ರದ ಸಿಸ್ಟರ್ ತೋರಿಸಬಹುದು. ಮನೆಯಲ್ಲಿ ಕಲಿತ ಮೊಮ್ಮಗಳು ಮೊಬೈಲಿನಲ್ಲಿ ವಿಡಿಯೋ ಮಾಡಿ ಮುಂದಿನ ಭೇಟಿಗೆ ಒಯ್ಯಬಹುದು.

2016ರ ಅಂದಾಜಿನಂತೆ ಭಾರತದಲ್ಲಿ ಸಿಒಪಿಡಿ ಇರುವವರು ಐದೂವರೆ ಕೋಟಿ, ಅಸ್ತಮಾ ಇರುವವರು ಮೂರು ಮುಕ್ಕಾಲು ಕೋಟಿ. ಸಿಒಪಿಡಿ ಎಂದರೆ ಬೀಡಿ ಸೇದುವ ಗಂಡಸರ ಕಾಯಿಲೆ ಎಂದು ಬಹುಕಾಲ ತಿಳಿದಿದ್ದೆವು. ನಮ್ಮ ಅಜ್ಜಿ ಬೀಡಿ ಮುಟ್ಟಿದವರಲ್ಲ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ನಡುವೆ ಒಂದು ಸರಳ ಲೆಕ್ಕ ಹಾಕಿದರು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ, ಎಷ್ಟು ವರ್ಷ, ಎರಡನ್ನೂ ಗುಣಿಸಿ. ಉತ್ತರ 60 ಮುಟ್ಟಿದರೆ ದೀರ್ಘಕಾಲದ ಕಫಗೆಮ್ಮಿನ ಅಪಾಯ ಎದ್ದು ಕಾಣುತ್ತದೆ ಎಂದು 2013ರಲ್ಲಿ ಪ್ರಕಟಿಸಿದರು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಬೇಯಿಸಿದರೆ 60. ಮದುವೆಯಾಗಿ ಬಂದ ಹುಡುಗಿ ನಲವತ್ತು ತುಂಬುವ ಮೊದಲೇ ಅಲ್ಲಿಗೆ ತಲುಪಿಬಿಡುತ್ತಾಳೆ. ಬೆಂಗಳೂರಿನ ಕಥೆ ಬೇರೆ. ಅಲ್ಲಿನ ಮಕ್ಕಳ ವೈದ್ಯ ಎಚ್. ಪರಮೇಶ್ ಅವರು ತಾವು ನೋಡಿದ ಮಕ್ಕಳಲ್ಲಿ ಅಸ್ತಮಾ 1979ರಲ್ಲಿ ನೂರಕ್ಕೆ 9 ಇದ್ದದ್ದು 1999ಕ್ಕೆ 29.5 ಆದದ್ದನ್ನು ದಾಖಲಿಸಿದ್ದಾರೆ.

ಇಷ್ಟು ಜನರಿದ್ದರೂ ಪಂಪು ಬಚ್ಚಿಟ್ಟುಕೊಳ್ಳುವ ವಸ್ತು. ಹೆಣ್ಣು ನೋಡಲು ಬಂದಾಗ ಅದು ಬೀರು ಸೇರುತ್ತದೆ. ಆಫೀಸಿನಲ್ಲಿ ಟಾಯ್ಲೆಟ್ಟಿಗೆ ಹೋಗಿ ಎಳೆದು ಬರುವವರಿದ್ದಾರೆ, ಆತುರದಲ್ಲಿ ಎಳೆದದ್ದು ಎಷ್ಟು ಇಳಿದೀತು? ಒಮ್ಮೆ ಹಿಡಿದರೆ ಚಟ ಬಿಡುವುದಿಲ್ಲ, ಅದು ಕಡೆಗಾಲದ ಮದ್ದು ಎಂದು ಹೆದರಿಸುವ ನೆಂಟರಿಗೆ ಬರವಿಲ್ಲ. ಮೃಗಶಿರಾ ಮಳೆಯ ದಿನ ಹೈದರಾಬಾದಿಗೆ ಹೋಗಿ ಜೀವಂತ ಮೀನಿನ ಮರಿ ನುಂಗಿ ಬಂದವರು ಪಂಪು ಎಸೆದು ಕುಳಿತ ಉದಾಹರಣೆಗಳುಂಟು. ನಂಬಿಕೆ ಅವರವರದು. ಪಂಪು ಎಸೆಯಬೇಡಿ ಎಂದಷ್ಟೇ ಹೇಳಬಹುದು.

ಚಟದ ಮಾತಿನಲ್ಲಿ ಒಂದು ಗೋಜಲಿದೆ, ಬಿಡಿಸಬೇಕು. ಇನ್ಹೇಲರ್ ಎರಡು ಜಾತಿ. ಒಂದು ಬಿಗಿದ ಕೊಳವೆಗಳನ್ನು ತಕ್ಷಣ ಸಡಿಲಿಸುತ್ತದೆ, ಸಾಮಾನ್ಯವಾಗಿ ನೀಲಿ. ಇನ್ನೊಂದು ಕೊಳವೆಗಳ ಊತವನ್ನು ದಿನಗಟ್ಟಲೆ ನಿಧಾನವಾಗಿ ಇಳಿಸುವ ಸ್ಟೀರಾಯ್ಡ್. ಎಳೆದೊಡನೆ ಏನೂ ಗೊತ್ತಾಗುವುದಿಲ್ಲ. ಕಂಪೆನಿಯಿಂದ ಕಂಪೆನಿಗೆ ಬಣ್ಣ ಬೇರೆಯಾಗುವುದರಿಂದ ಬಣ್ಣ ನಂಬದೆ ಹೆಸರು ಓದಿ. ಜನರಿಗೆ ಇಷ್ಟವಾಗುವುದು ನೀಲಿಯದೇ, ಯಾಕೆಂದರೆ ಅದರ ಪರಿಣಾಮ ಕಣ್ಣಿಗೆ ಕಾಣುತ್ತದೆ, ಬೆಲೆಯೂ ಕಡಿಮೆ. ಅಸ್ತಮಾದಲ್ಲಿ ಅದೊಂದನ್ನೇ ನೆಚ್ಚಿಕೊಂಡರೆ ಒಳಗಿನ ಊತ ಬೆಳೆಯುತ್ತಲೇ ಹೋಗುತ್ತದೆ. ಅಸ್ತಮಾ ಚಿಕಿತ್ಸೆಗೆ ಜಾಗತಿಕ ಮಾರ್ಗಸೂಚಿ ಕೊಡುವ ಜಿನಾ ಸಂಸ್ಥೆ 2019ರಲ್ಲಿ, ನೀಲಿ ಪಂಪೊಂದರಿಂದಲೇ ಅಸ್ತಮಾ ನಿಭಾಯಿಸುವುದು ಬೇಡ, ಜತೆಗೆ ಉಸಿರಿನ ಸ್ಟೀರಾಯ್ಡ್ ಇರಲೇಬೇಕು ಎಂದು ಖಡಾಖಂಡಿತವಾಗಿ ಹೇಳಿತು. ವರ್ಷಕ್ಕೆ ಮೂರೋ ಅದಕ್ಕಿಂತ ಹೆಚ್ಚೋ ನೀಲಿ ಪಂಪು ಖಾಲಿಯಾಗುತ್ತಿದ್ದರೆ ರೋಗ ಹತೋಟಿಯಲ್ಲಿಲ್ಲ ಎಂದೇ ಅರ್ಥ. ತಿಂಗಳಿಗೊಂದು ಖಾಲಿಯಾಗುತ್ತಿದ್ದರೆ ಪ್ರಾಣಾಪಾಯದ ಸೂಚನೆ. ಸಿಒಪಿಡಿಯ ಕ್ರಮ ಬೇರೆ, ಅಲ್ಲಿ ಸ್ಟೀರಾಯ್ಡ್ ಎಲ್ಲರಿಗೂ ಬೇಕಿಲ್ಲ. ಯಾವುದು ನಿಮ್ಮದು ಎಂಬುದು ಊದಿಸಿ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಯಿಂದ ತಿಳಿಯಬೇಕು, ಪಕ್ಕದ ಮನೆಯವರಿಂದಲ್ಲ.

ಸ್ಟೀರಾಯ್ಡ್ ಎಂದೊಡನೆ ಬೆಚ್ಚುವವರು ಅಳತೆ ನೋಡಬೇಕು. ಇಲ್ಲಿಯೂ ಮೈಕ್ರೋಗ್ರಾಂ ಲೆಕ್ಕವೇ. ಗಂಟಲಿನಲ್ಲಿ ಉಳಿದ ಪಾಲು ಮಾತ್ರ ಕಾಟ ಕೊಡಬಲ್ಲದು: ನಾಲಿಗೆ ಮೇಲೆ ಬಿಳಿ ಅಗ್ರ, ದನಿ ಒಡೆಯುವುದು. ಎಳೆದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ, ಗಂಟಲು ಗಳಗಳಿಸಿ ಉಗಿಯಬೇಕು, ನುಂಗಬಾರದು. ಹಲ್ಲುಜ್ಜುವ ಮುಂಚೆ ಎಳೆದುಕೊಳ್ಳುವ ಅಭ್ಯಾಸ ಮಾಡಿಕೊಂಡರೆ ಇದು ಬೇರೆ ಕೆಲಸವೇ ಆಗುವುದಿಲ್ಲ.

ಖಾಲಿ ಪಂಪಿನ ಮೋಸ ಇನ್ನೊಂದು. ಮದ್ದು ಮುಗಿದ ಮೇಲೂ ಡಬ್ಬಿಯಲ್ಲಿ ತಳ್ಳುವ ಗ್ಯಾಸ್ ಉಳಿದಿರುತ್ತದೆ. ಒತ್ತಿದರೆ ಫಸ್ ಎನ್ನುತ್ತದೆ, ಹೊಗೆಯೂ ಬರುತ್ತದೆ, ಒಳಗೆ ಮದ್ದಿಲ್ಲ. ಡಬ್ಬಿಯನ್ನು ನೀರಿನಲ್ಲಿ ತೇಲಿಸಿ ನೋಡುವ ಹಳೆಯ ಉಪಾಯ ನಂಬಿಕೆಗೆ ಅರ್ಹವಲ್ಲ. ಹಿಂಬದಿಯಲ್ಲಿ ಅಂಕಿ ತೋರಿಸುವ ಕೌಂಟರ್ ಇದ್ದರೆ ಸರಿ. ಇಲ್ಲದಿದ್ದರೆ ಎಣಿಸಬೇಕು. 200 ಪಫ್‌ನ ಪಂಪನ್ನು ಹೊತ್ತಿಗೆ ಎರಡರಂತೆ ದಿನಕ್ಕೆ ನಾಲ್ಕು ಬಳಸಿದರೆ ಸರಿಯಾಗಿ ಐವತ್ತು ದಿನ. ತೆರೆದ ದಿನವೇ ಮುಗಿಯುವ ತಾರೀಕನ್ನು ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ, ಅಥವಾ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿ. ಅಜ್ಜಿಯ ಪಂಪಿಗೆ ಕೌಂಟರಿರಲಿಲ್ಲ. ಯಾವಾಗ ತಂದದ್ದು ಎಂದು ಸಿಸ್ಟರ್ ಕೇಳಿದರೆ 'ಗೌರಿ ಹಬ್ಬಕ್ ಮುಂಚೆ' ಎಂದರು. ಆಗ ಸಂಕ್ರಾಂತಿ ಕಳೆದಿತ್ತು.

ತುರ್ತಿನ ಹೊತ್ತಿಗೆ ಏನು ಮಾಡಬೇಕೆಂಬುದನ್ನು ಮನೆಯ ಎಲ್ಲರೂ ಮೊದಲೇ ತಿಳಿದಿರಬೇಕು, ಉಬ್ಬಸ ಬಂದವರಿಗೆ ಆಗ ವಿವರಿಸುವ ಶಕ್ತಿ ಇರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಅಸ್ತಮಾದ ಪ್ರಥಮ ಚಿಕಿತ್ಸೆಗೆ ಕಲಿಸುವ ನಾಲ್ಕರ ಲೆಕ್ಕ ನೆನಪಿಡಲು ಸುಲಭ. ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಸ್ಪೇಸರ್ ಹಾಕಿ ನೀಲಿ ಪಂಪಿನ ನಾಲ್ಕು ಪಫ್, ಒಂದಾದ ಮೇಲೊಂದು, ಪ್ರತಿ ಪಫ್‌ಗೆ ನಾಲ್ಕು ಉಸಿರು. ನಾಲ್ಕು ನಿಮಿಷ ಕಾಯಿರಿ. ತಗ್ಗದಿದ್ದರೆ ಮತ್ತೆ ನಾಲ್ಕು ಪಫ್ ಕೊಡಿ, ಜತೆಗೇ 108ಕ್ಕೆ ಫೋನ್ ಮಾಡಿ. ಒಂದು ವಾಕ್ಯ ಪೂರ್ತಿ ಮಾತಾಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಮಂಪರು ಕವಿದರೆ ಕಾಯುವುದೇ ಬೇಡ, ಮೊದಲು ಫೋನು. ವಾಹನ ಬರುವವರೆಗೆ ನಾಲ್ಕು ನಿಮಿಷಕ್ಕೊಮ್ಮೆ ನಾಲ್ಕು ಪಫ್ ನಡೆಯುತ್ತಿರಲಿ. ಹೊರಡುವಾಗ ಮನೆಯಲ್ಲಿರುವ ಪಂಪುಗಳನ್ನೆಲ್ಲ, ಖಾಲಿಯಾದದ್ದನ್ನೂ ಸೇರಿಸಿ, ಚೀಲಕ್ಕೆ ಹಾಕಿಕೊಳ್ಳಿ. ಡ್ಯೂಟಿ ಡಾಕ್ಟರು ಕೇಳುವುದು ಅವನ್ನೇ.